ಕಟಗಿ ಲೇತಿಗೆ ಉಳಿ ಮನ್ಯಾಗ ಮಾಡೂದು: ಫೈಲಿನ ಉಳಿ ಬಾಯಿ ಉದುರತೈತಿ, ಕಮಾನ್ ಪಟ್ಟೀದು ಮಡಚತೈತಿ

ಬುಗರಿ_ಗದಗ

ಎಲ್ಲಾರಿಗೂ ನಮಸ್ಕಾರ್ರಿ. ಅರ್ಧ ಎಚ್‌ಪಿ ಮೋಟರಿನ ಸಣ್ಣ ಕಟಗಿ ಲೇತ್ ಐತಿ, ಎರಡು ಸೆಂಟರ್ ನಡುವ 30 ಇಂಚು. ಕೆಲಸ ಅಂದ್ರ ಲಟ್ಟಣಗಿ, ಬುಗರಿ, ಕಲಘಟಗಿ ತೊಟ್ಟಿಲದ ಗತೆ ತೊಟ್ಟಿಲ ಕಂಬ. ಕಟಗಿ ಹೆಚ್ಚಾಗಿ ಜಾಲಿ, ನಡುನಡುವ ಸಾಗವಾನಿ. ರೆಡಿ ಉಳಿ ತರಿಸಿದ್ರ ರೊಕ್ಕ ಭಾಳ ಆಗತೈತಿ ಅಂತ ಎರಡು ಉಳಿ ಮನ್ಯಾಗ ಮಾಡೇನಿ. ಎರಡೂ ಕೈ ಕೊಟ್ಟಾವು.

ಮೊದಲನೇದು 10 ಇಂಚಿನ ಹಳೇ ಚಪ್ಪಟಿ ಫೈಲಿನದು (ಕಬ್ಬಿಣ ಉಜ್ಜೂ ಅರ). ಇದ್ದಲಿ ಒಲ್ಯಾಗ ಕೆಂಪಗ ಕಾಸಿ, ನೀರಿಗೆ ಅದ್ದಿ, ಸಾಣಿ ಹಿಡಿದು ಓರೆ ಉಳಿ ಮಾಡಿದ್ದು. ಬಾಯಿ ಭಾಳ ಚೂಪ ಬಂತು, ಆದ್ರ ಜಾಲಿಗೆ ಹಚ್ಚಿದ ಕೂಡ್ಲೆ ಉಪ್ಪಿನ ಹರಳು ಉದುರಿದಂಗ ಸಣ್ಣ ಸಣ್ಣ ಚಕ್ಕಿ ಎದ್ದುವು. ಆಮ್ಯಾಲೆ ಫರಸಿ ಮ್ಯಾಲೆ ಬಿದ್ದು ಎರಡು ತುಂಡಾತು. ಮುರಿದ ಮುಖ ಸಕ್ರಿ ಗತೆ ಮಿಂಚತೈತಿ.

ಎರಡನೇದು ಟೆಂಪೋ ಕಮಾನ್ ಪಟ್ಟೀದು, 8 ಮಿ.ಮೀ. ದಪ್ಪ. ಇದನ್ನ ಕಾಸಿಲ್ಲ, ಬರೇ ಕಟ್ ಮಾಡಿ ಸಾಣಿ ಹಿಡಿದದ್ದು. ಉದುರೂದಿಲ್ಲ, ಆದ್ರ ಐದ ನಿಮಿಷಕ್ಕ ಬಾಯಿ ಮಡಚತೈತಿ. ಉಗುರು ಆಡಿಸಿದ್ರ ಒಂದು ಬಾಜೂಕ ಬಾಗಿದ್ದು ಕೈಗೆ ಹತ್ತತೈತಿ.

ನನ್ನ ಕಡೆ 6 ಇಂಚಿನ ಬೆಂಚ್ ಗ್ರೈಂಡರ್ ಐತಿ, ಅದರ ಜೋಡಿ ಬಂದ ಬೂದಿ ಬಣ್ಣದ ಕಲ್ಲು. 4 ಇಂಚಿನ ಆಂಗಲ್ ಗ್ರೈಂಡರ್, ಡ್ರಿಲ್ ಮಷೀನ್, ಮನಿ ಓಟಿಜಿ ಓವನ್ ಅದಾವು. ಯಾವ ಉಕ್ಕು ತಗೋಬೇಕು, ಎಲ್ಲಿ ಸಿಗತೈತಿ, ಹದ ಹೆಂಗ ಕೊಡಬೇಕು, ತಿಳದೋರು ಬಿಡಿಸಿ ಹೇಳ್ರಿ.


ಕಿಡಿ_ಹುಬ್ಬಳ್ಳಿ

ಅಣ್ಣಾರ, ಎರಡು ಉಳಿಗೂ ರೋಗ ಬೇರೆ ಬೇರೆ. ಫೈಲ್ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 1.2 ಇರುತ್ತದೆ. ನೀರಿಗೆ ಅದ್ದಿದ ತಕ್ಷಣ ಅದು 65 ಎಚ್‌ಆರ್‌ಸಿ (ಗಟ್ಟಿತನ ಅಳೆಯುವ ರಾಕ್‌ವೆಲ್ ಅಂಕ) ಆಸುಪಾಸು ಗಟ್ಟಿಯಾಗುತ್ತದೆ, ಹೆಚ್ಚುಕಡಿಮೆ ಗಾಜಿನ ಹಾಗೆ. ಅದ್ದಿದ ಮೇಲೆ ಇನ್ನೊಮ್ಮೆ ಕಡಿಮೆ ಉರಿಯಲ್ಲಿ ಕಾಸಿ ಬಿಗುವು ಇಳಿಸಬೇಕು, ಇದೇ ಹದ ಕೊಡುವುದು. ಆ ಕೆಲಸವೇ ಆಗಿಲ್ಲ. ಮುರಿದ ಮುಖ ಸಕ್ಕರೆಯಂತೆ ಮಿಂಚುತ್ತದೆ ಅಂದರೆ ಮೊದಲ ಸಲ ಕಾಸಿದ್ದೂ ಜಾಸ್ತಿಯಾಗಿದೆ, ಒಳಗಿನ ಕಣ ದಪ್ಪಗಾಗಿದೆ. ಕಮಾನ್ ಪಟ್ಟಿಗೆ ಕಾರ್ಖಾನೆಯಲ್ಲೇ ಹದ ಕೊಟ್ಟಿರುತ್ತಾರೆ, ಆದರೆ ಅದು ಬಾಗಿ ಮತ್ತೆ ನೆಟ್ಟಗಾಗಲಿ ಅಂತ ಕೊಟ್ಟ ಹದ. 45 ಎಚ್‌ಆರ್‌ಸಿ ಸುತ್ತಮುತ್ತ ಇರುತ್ತದೆ. ಜಾಲಿ ಕೊರೆಯುವ ಬಾಯಿ 58ಕ್ಕಿಂತ ಕೆಳಗಿದ್ದರೆ ನಿಲ್ಲುವುದಿಲ್ಲ.

ನನ್ನನ್ನು ಕೇಳಿದರೆ ದಿನಾ ಬಳಸುವ ಉಳಿಗೆ ಒಲೆ ಹಚ್ಚುವುದೇ ಬೇಡ. ಗಟ್ಟಿಯಾಗಿಯೇ ಬರುವ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ತುಂಡು ತಗೊಂಡು ಬರೀ ಸಾಣೆಯಿಂದ ಆಕಾರ ಕೊಡಿ. ಎಂ2 ಜಾತಿಯ ಎಚ್‌ಎಸ್‌ಎಸ್‌ಗೆ ಕಾರ್ಖಾನೆಯಲ್ಲಿ 1200 ಡಿಗ್ರಿ ಹತ್ತಿರ ಕಾಸಿ, ಆಮೇಲೆ 550ರ ಸುಮಾರಿಗೆ ಎರಡು ಮೂರು ಸಲ ಹದ ಕೊಟ್ಟಿರುತ್ತಾರೆ. ಅದನ್ನು ಮನೆಯಲ್ಲಿ ಮಾಡಲಿಕ್ಕೆ ಆಗುವುದಿಲ್ಲ, ನಿಮ್ಮ ಗ್ರೈಂಡರಿಗೆ ಕೆಡಿಸಲಿಕ್ಕೂ ಸುಲಭಕ್ಕೆ ಆಗುವುದಿಲ್ಲ. ಫೈಲ್ ಉಕ್ಕು 200 ಡಿಗ್ರಿ ದಾಟಿದರೆ ಮೆತ್ತಗಾಗಲು ಶುರು. ಎಚ್‌ಎಸ್‌ಎಸ್ 500 ದಾಟಿದರೂ ಗಟ್ಟಿಯಾಗಿಯೇ ಇರುತ್ತದೆ.

ಎಲ್ಲಿ ಸಿಗುತ್ತದೆ ಅಂದರೆ, ಕಬ್ಬಿಣದ ಲೇತಿಗೆ ಹಾಕುವ ಚೌಕ ಟೂಲ್ ಬಿಟ್ ಮಿರಾಂಡಾ, ಅಡಿಸನ್ ಹೆಸರಿನಲ್ಲಿ ಬರುತ್ತದೆ, ಟೂಲ್ಸ್ ಮಾರುವ ಅಂಗಡಿಯಲ್ಲಿ ಕೇಳಿ. ಕಾಲು ಇಂಚು ಮತ್ತು 3/8 ಇಂಚು ನಿಮಗೆ ಬೇಕಾದ ಸೈಜು. ಅದೇ ಅಂಗಡಿಯಲ್ಲಿ ಪಾರ್ಟಿಂಗ್ (ತುಂಡರಿಸುವ) ಬ್ಲೇಡ್ ಕೇಳಿ, 3 ಮಿ.ಮೀ. ದಪ್ಪದ ಚಪ್ಪಟೆ ಎಚ್‌ಎಸ್‌ಎಸ್. ಅದರ ಒಂದು ಅಂಚು ದಪ್ಪ, ಇನ್ನೊಂದು ತೆಳು. ದಪ್ಪ ಅಂಚು ಮೇಲೆ ಬರುವಂತೆ ಹಿಡಿಕೆ ಹಾಕಿದರೆ ಗಾಡಿ (ಕೊರೆದ ತೋಡು) ಒಳಗೆ ಹೋದಾಗ ಬ್ಲೇಡ್ ಸಿಕ್ಕಿಕೊಳ್ಳುವುದಿಲ್ಲ, ಬಾಯಿ ಕೊರೆದ ಜಾಗಕ್ಕಿಂತ ಮೈ ಸಣ್ಣದಿರುತ್ತದೆ. ಇನ್ನೂ ಅಗ್ಗದ ದಾರಿ, ಗೋಕುಲ ರೋಡ್ ಅಥವಾ ತಾರಿಹಾಳ ಕಡೆ ಪವರ್ ಹ್ಯಾಕ್ಸಾ ಇಟ್ಟುಕೊಂಡ ವರ್ಕ್‌ಶಾಪಿನಲ್ಲಿ ಹಲ್ಲು ಹೋದ ದೊಡ್ಡ ಬ್ಲೇಡ್ ಕೇಳಿ ನೋಡುವುದು. ಪೂರ್ತಿ ಎಚ್‌ಎಸ್‌ಎಸ್ ಬ್ಲೇಡ್ ಆಗಿದ್ದರೆ ಒಳ್ಳೆ ತೆಳು ಪಾರ್ಟಿಂಗ್ ಉಳಿ ಆಗುತ್ತದೆ. ಬೈಮೆಟಲ್ ಬ್ಲೇಡ್ ಬೇಡ, ಅದರಲ್ಲಿ ಹಲ್ಲಿನ ಸಾಲು ಮಾತ್ರ ಎಚ್‌ಎಸ್‌ಎಸ್, ಮೈಯೆಲ್ಲ ಸ್ಪ್ರಿಂಗ್ ಉಕ್ಕು.

ಗುಜರಿ ಮಾಲು ಏನು ಅಂತ ತಿಳಿಯಲು ಸಾಣೆಗೆ ಮುಟ್ಟಿಸಿ ಕಿಡಿ ನೋಡಿ. ಬಿಸಿಲಲ್ಲಿ ಬೇಡ, ಬಾಗಿಲು ಅರ್ಧ ಮುಚ್ಚಿ. ಫೈಲ್ ತರಹದ ಇಂಗಾಲದ ಉಕ್ಕು ಸುರಸುರಬತ್ತಿಯಂತೆ ಬೆಳ್ಳಗೆ, ಕವಲು ಕವಲಾಗಿ ಸಿಡಿಯುತ್ತದೆ. ಸಾದಾ ಕಬ್ಬಿಣದ್ದು ಉದ್ದ ಹಳದಿ ಗೆರೆ, ತುದಿಗೆ ಒಂದೆರಡು ಕವಲು ಇದ್ದರೆ ಇತ್ತು. ಎಚ್‌ಎಸ್‌ಎಸ್ ಕಿಡಿ ಮಂಕು ಕೆಂಪು, ಎಣಿಸುವಷ್ಟು ಕಡಿಮೆ, ಸಿಡಿಯುವುದೇ ಇಲ್ಲ. ಒಮ್ಮೆ ಗೊತ್ತಿರುವ ಡ್ರಿಲ್ ಬಿಟ್ ಮುಟ್ಟಿಸಿ ನೋಡಿಕೊಂಡರೆ ಮುಂದೆ ಯಾರನ್ನೂ ಕೇಳಬೇಕಿಲ್ಲ.

ಬಿಟ್ ಸಣ್ಣದು, ಕೈಯಲ್ಲಿ ಹಿಡಿಯಲಾಗದು. ಅದಕ್ಕೆ ಸರಳು ಮಾಡಬೇಕು. ಹೊರದೇಶದ ಟರ್ನರುಗಳು ಇದನ್ನು ಓಲೆಂಡ್ ಟೂಲ್ ಅನ್ನುತ್ತಾರೆ. 16 ಮಿ.ಮೀ. ದುಂಡನೆ ಬ್ರೈಟ್ ಬಾರ್ (ನುಣುಪು ಮಾಡಿದ ಸಾದಾ ಉಕ್ಕಿನ ಸರಳು) ಅಥವಾ ಇಎನ್8 (ಮಧ್ಯಮ ಇಂಗಾಲದ ಉಕ್ಕು), 300 ಮಿ.ಮೀ. ಉದ್ದ. ತುದಿಯಲ್ಲಿ ನಟ್ಟನಡುವೆ 9 ಮಿ.ಮೀ. ತೂತು, 30 ಮಿ.ಮೀ. ಆಳ. ಕಾಲು ಇಂಚಿನ ಚೌಕ ಬಿಟ್ಟಿನ ಮೂಲೆಯಿಂದ ಮೂಲೆಗೆ 8.98 ಮಿ.ಮೀ. ಬರುತ್ತದೆ, ಅದಕ್ಕೇ 9. ದುಂಡು ತೂತಿನಲ್ಲಿ ಚೌಕ ಬಿಟ್ ನಾಲ್ಕು ಮೂಲೆ ಊರಿ ಗಟ್ಟಿಯಾಗಿ ಕೂರುತ್ತದೆ. ಮೊದಲು 5, ಆಮೇಲೆ 8, ಕೊನೆಗೆ 9 ಅಂತ ಹಂತವಾಗಿ ಕೊರೆಯಿರಿ. ಕೈ ಡ್ರಿಲ್ಲಿನಲ್ಲಿ ತೂತು ವಾರೆ ಹೋಗುತ್ತದೆ. ಕಬ್ಬಿಣದ ಲೇತ್ ಇದ್ದವರ ಹತ್ತಿರ ಈ ಒಂದು ತೂತು ಹಾಕಿಸಿಕೊಂಡು ಬರುವುದು ಜಾಣತನ. ಮೇಲಿನಿಂದ 10 ಮಿ.ಮೀ. ಅಂತರದಲ್ಲಿ ಎರಡು ಎಂ6 ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ), ಅದಕ್ಕೆ 5 ಮಿ.ಮೀ. ಡ್ರಿಲ್ ಹಾಕಿ ಟ್ಯಾಪಿನಿಂದ ಥ್ರೆಡ್ ತೆಗೆಯಿರಿ. ಸ್ಕ್ರೂ ಬಿಟ್ಟಿನ ಚಪ್ಪಟೆ ಮುಖದ ಮೇಲೆ ಕೂರಬೇಕು, ಮೂಲೆ ಮೇಲೆ ಕೂತರೆ ಬಿಟ್ ತಿರುಗುತ್ತದೆ. ಬಿಟ್ ಹೊರಗೆ 12ರಿಂದ 15 ಮಿ.ಮೀ. ಮಾತ್ರ ಚಾಚಿರಲಿ. 3/8 ಇಂಚಿನ ಬಿಟ್ ಆದರೆ 13.5 ಮಿ.ಮೀ. ತೂತು, 20 ಮಿ.ಮೀ. ಸರಳು.

ಗಟ್ಟಿ ಬಿಟ್ ತುಂಡರಿಸಲು ಹ್ಯಾಕ್ಸಾ ಹತ್ತುವುದಿಲ್ಲ. ಆಂಗಲ್ ಗ್ರೈಂಡರಿಗೆ 1 ಮಿ.ಮೀ. ಕಟಿಂಗ್ ವ್ಹೀಲ್ ಹಾಕಿ ನಾಲ್ಕೂ ಕಡೆ ಮೂರನೇ ಒಂದು ಪಾಲು ಗೀರಿ, ವೈಸಿನಲ್ಲಿ ಗೀರಿನ ತನಕ ಹಿಡಿದು, ದಪ್ಪ ಬಟ್ಟೆ ಸುತ್ತಿ ಸುತ್ತಿಗೆಯಿಂದ ಒಂದೇ ಏಟು. ಬಟ್ಟೆ ಇಲ್ಲದಿದ್ದರೆ ಚೂರು ಎಲ್ಲಿಗೆ ಹಾರುತ್ತದೆ ಹೇಳಲಾಗದು. ಕನ್ನಡಕ ಸಾಲದು, ಪೂರ್ತಿ ಮುಖದ ಶೀಲ್ಡ್ ಹಾಕಿ.

ಬೂದಿ ಕಲ್ಲಿನ ವಿಷಯ: ಅದು ಸಾದಾ ಕಬ್ಬಿಣಕ್ಕೆ ಮಾಡಿದ್ದು. ಎಚ್‌ಎಸ್‌ಎಸ್ ಹಚ್ಚಿದರೆ ಮೇಲ್ಮೈ ಗಾಜಿನಂತೆ ನುಣುಪಾಗಿ, ಕೊರೆಯುವ ಬದಲು ಬರೀ ಉಜ್ಜಿ ಬಿಸಿ ಮಾಡುತ್ತದೆ. 60 ಅಥವಾ 80 ಗ್ರಿಟ್ಟಿನ ಬಿಳಿ ಕಲ್ಲು ಹಾಕಿಸಿ, ಜೊತೆಗೆ ಒಂದು ಡ್ರೆಸರ್ (ಕಲ್ಲಿನ ಮುಖ ಕೆರೆದು ಸಮ ಮಾಡುವ ಸಾಧನ) ತಗೊಳ್ಳಿ. ನಿಮ್ಮ ಖರ್ಚಿನಲ್ಲಿ ಮೊದಲ ಸ್ಥಾನ ಈ ಕಲ್ಲಿಗೆ, ಉಕ್ಕಿಗಲ್ಲ. ಎಚ್‌ಎಸ್‌ಎಸ್ ಕಾದಾಗ ನೀರಿಗೆ ಅದ್ದಬೇಡಿ, ಬಾಯಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಕಬ್ಬಿಣದ ತಗಡಿನ ಮೇಲೆ ಇಟ್ಟು ಆರಲಿ ಬಿಡಿ. ಫೈಲ್ ಉಕ್ಕಿಗೆ ಇದರ ಉಲ್ಟಾ: ಎರಡು ಮೂರು ಸೆಕೆಂಡಿಗೊಮ್ಮೆ ನೀರು.


ಕುಲುಮಿ_ಹಾವೇರಿ

ಹುಬ್ಬಳ್ಳಿಯವರು ಹೇಳಿದ್ದು ಖರೆ ಐತಿ, ಆದ್ರ ಒಲಿ ಹಚ್ಚೂದ ಬ್ಯಾಡ ಅನ್ನೂದಕ್ಕ ನನ್ನ ಒಪ್ಪಿಗಿ ಇಲ್ರಿ. ಕಾಲು ಇಂಚಿನ ಬಿಟ್ಟಿನಾಗ ಓರೆ ಉಳಿ ಹೆಂಗ ಮಾಡ್ತೀರಿ? ತೊಟ್ಟಿಲ ಕಂಬಕ್ಕ 20 ಮಿ.ಮೀ. ಅಗಲದ ಓರೆ ಉಳಿ ಬೇಕ ಬೇಕು. ಅದಕ್ಕ ಓಎಚ್‌ಎನ್‌ಎಸ್ (ಎಣ್ಣ್ಯಾಗ ಅದ್ದಿ ಗಟ್ಟಿ ಮಾಡೂ ಉಕ್ಕು) ಪಟ್ಟಿ ತಗೋರಿ, 20 ಅಗಲ, 6 ದಪ್ಪ, 300 ಉದ್ದ. ಡೈ ಮಾಡೂ ಮಂದಿ ದಿನಾ ಬಳಸೂ ಉಕ್ಕು. ಮೆತ್ತಗ ಇದ್ದಾಗ ಮಾರ್ತಾರ, ಅರ ಹಾಕಬಹುದು, ತೂತು ಕೊರೀಬಹುದು. ಇಂಗಾಲ ಶೇ. 0.9 ಆಸುಪಾಸು. ಗುಜರಿ ಉಕ್ಕಿನ ತ್ರಾಸ ಏನಂದ್ರ ಅದು ಯಾವ ಉಕ್ಕು ಗೊತ್ತಿರೂದಿಲ್ಲ, ಅದಕ್ಕ ಹದಾನೂ ಗೊತ್ತಿರೂದಿಲ್ಲ. ಹೆಸರು ಗೊತ್ತಿರೂ ಉಕ್ಕು ಒಮ್ಮೆ ಕಲತ್ರ ಪ್ರತಿ ಸಲ ಒಂದ ಗತೆ ಬರತೈತಿ.

ಕಾಸೂಕಿಂತ ಮೊದಲ ಎಲ್ಲಾ ಆಕಾರ ಮಾಡಿ ಮುಗಸ್ರಿ, ಆದ್ರ ಬಾಯಿ ಮಾತ್ರ ಚೂಪ ಮಾಡಬ್ಯಾಡ್ರಿ. 1.5 ಮಿ.ಮೀ. ದಪ್ಪ ಬಿಡ್ರಿ. ಚೂಪ ಮಾಡಿ ಕಾಸಿದ್ರ ತೆಳು ಬಾಯಿ ಮೈಗಿಂತ ಮೊದಲ ಕಾದು ಸುಡತೈತಿ, ಅದ್ದಿದಾಗ ಸೊಟ್ಟಗ ಆಗತೈತಿ, ಇಲ್ಲಾ ಸೀಳತೈತಿ. ಹಿಡಿಕಿಯೊಳಗ ಹೋಗೂ ಬಾಲ ಮೈಗೆ ಕೂಡೂ ಕಡೆ ಚೌಕ ಮೂಲಿ ಬಿಡಬ್ಯಾಡ್ರಿ, ದುಂಡನ ಅರಲೆ 3 ಮಿ.ಮೀ. ಬಳುಕು ಕೊಡ್ರಿ. ಚೌಕ ಮೂಲಿಯಿಂದನ ಬಿರುಕು ಹುಟ್ಟೂದು.

ಒಲಿಗೆ ಜಾಲಿ ಇದ್ದಲಿ ಒಳ್ಳೇದು. ನಾಲ್ಕ ಇಂಚ ಹಾಸಿಗಿ ಹಾಕ್ರಿ, ಗಾಳಿ ಸಣ್ಣಗ ಬಿಡ್ರಿ. ಜೋರ ಗಾಳಿ ಬಿಟ್ರ ಉಕ್ಕಿನ ಮೈ ಹೊಟ್ಟಿನಂಗ ಏಳತೈತಿ, ಇಂಗಾಲ ಸುಟ್ಟು ಹೋಗತೈತಿ. ಉಳಿ ಮುಂದಿನ 60–70 ಮಿ.ಮೀ. ಮಾತ್ರ ಕಾಯಬೇಕು, ಬಾಲ ಮೆತ್ತಗ ಇರಲಿ. ಬಣ್ಣ ನೋಡೂದು ನೆರಳಾಗ. ಬಿಸಿಲಾಗ ಕರ್ರಗ ಕಂಡದ್ದು ಕತ್ತಲ್ಯಾಗ ಕೆಂಪಗ ಇರತೈತಿ. ನಿಮ್ಮ ಫೈಲ್ ಸುಟ್ಟಿದ್ದು ಬಹುತೇಕ ಹಿಂಗ. ತಂತಿಗೆ ಒಂದು ಅಯಸ್ಕಾಂತ ಕಟ್ಟಿ ಇಟ್ಟುಕೋರಿ. ಸುಮಾರು 770 ಡಿಗ್ರಿಗೆ ಕಬ್ಬಿಣ ಅಯಸ್ಕಾಂತಕ್ಕ ಹತ್ತೂದು ಬಿಡತೈತಿ. ಅಲ್ಲಿಂದ ಇನ್ನೊಂದು ಸ್ವಲ್ಪ ಮ್ಯಾಲೆ ಒಯ್ಯಬೇಕು, ಓಎಚ್‌ಎನ್‌ಎಸ್‌ಗೆ 790ರಿಂದ 815. ಎಷ್ಟು ಮ್ಯಾಲೆ ಅನ್ನೂದಕ್ಕ ಅಡಗಿ ಉಪ್ಪು ಸಾಕು. ಉಳಿ ಮೈಮ್ಯಾಲೆ ಒಂದು ಚಿಟಕಿ ಉಪ್ಪು ಉದುರಸ್ರಿ. ಉಪ್ಪು ಕರಗೂದು 801 ಡಿಗ್ರಿಗೆ. ಹರಳು ಹೋಗಿ ಎಣ್ಣಿ ಹನಿಯಂಗ ಹರಡಿತು ಅಂದ್ರ ಹದಕ್ಕ ಬಂತು. ಅಷ್ಟರಾಗ ಹಿಡದು ಐದಾರು ನಿಮಿಷ ಇಡ್ರಿ, ಬಣ್ಣ ಎಲ್ಲಾ ಕಡೆ ಒಂದ ಗತೆ ಇರಲಿ.

ಅದ್ದೂದು ಎಣ್ಣ್ಯಾಗ. ನೀರಾಗ ಅದ್ದಿದ್ರ ಓಎಚ್‌ಎನ್‌ಎಸ್ ಟಕ್ ಅಂತ ಸದ್ದು ಮಾಡತೈತಿ, ಅಲ್ಲಿಗೆ ಉಳಿ ಕಥಿ ಮುಗೀತು. ಶೇಂಗಾ ಎಣ್ಣಿ ನಾಲ್ಕರಿಂದ ಐದು ಲೀಟರ್, ಉದ್ದನ ಕಬ್ಬಿಣ ಡಬ್ಬ್ಯಾಗ. ಪ್ಲಾಸ್ಟಿಕ್ ಬಕೆಟ್ ಮುಟ್ಟಬ್ಯಾಡ್ರಿ. ಕುಸಬಿ ಎಣ್ಣಿ ಅಗ್ಗ ಸಿಕ್ಕರೂ ಬ್ಯಾಡ, ಅದು ಆರೂ ಎಣ್ಣಿ, ನಾಲ್ಕ ಸಲ ಬಳಸಿದ್ರ ವಾರ್ನಿಶ್ ಗತೆ ಜಿಗಟಾಗತೈತಿ. ಸುಟ್ಟ ಇಂಜಿನ್ ಆಯಿಲ್ ಹೊಗಿ ಎದಿಗೆ ಕೆಟ್ಟದ್ದು. ಕಾಸಿದ ಸರಳು ಅದ್ದಿ ಎಣ್ಣಿ ಮೊದಲ 55–60 ಡಿಗ್ರಿ ಬೆಚ್ಚಗ ಮಾಡ್ರಿ; ತಣ್ಣನ ಎಣ್ಣಿ ದಪ್ಪ ಇರತೈತಿ, ಬಿಸಿ ಎಳಕೊಳ್ಳೂದು ನಿಧಾನ. ಉಳಿ ನೆಟ್ಟಗ ಇಳಸ್ರಿ, ಮ್ಯಾಲೆ ಕೆಳಗ ಒಂದು ಬೆರಳಿನಷ್ಟು ಆಡಸ್ರಿ. ಅಡ್ಡಡ್ಡ ಆಡಿಸಿದ್ರ ಚಪ್ಪಟಿ ಉಳಿ ಬಿಲ್ಲಿನಂಗ ಬಾಗತೈತಿ. ಒಂದ ಮಟ್ಟಕ್ಕ ನಿಲ್ಲಿಸಿದ್ರ ಎಣ್ಣಿ ಗೆರಿ ಇರೂ ಕಡೆ ಮುರಿಯೂ ಭಯ. ಮುಚ್ಚಳ ಕೈಗೆ ಸಿಗೂವಂಗ ಇಡ್ರಿ, ಬೆಂಕಿ ಹತ್ತಿದ್ರ ಮುಚ್ಚಬೇಕು, ನೀರು ಹಾಕಿದ್ರ ಮನಿ ಹೋಗತೈತಿ.

ಆಮ್ಯಾಲೆ ಅರ ಹಾಕಿ ನೋಡ್ರಿ. ಜಾರಿದ್ರ ಗಟ್ಟಿ ಆತು. ಕಚ್ಚಿದ್ರ ಒಮ್ಮಿಗೆ ಗಾಬರಿ ಆಗಬ್ಯಾಡ್ರಿ, ಮೈ ಮ್ಯಾಲಿನ ತೆಳು ತೊಗಲು ಇಂಗಾಲ ಕಳಕೊಂಡು ಮೆತ್ತಗ ಆಗಿರತೈತಿ. 0.3 ಮಿ.ಮೀ. ಸಾಣಿ ಹಿಡಿದು ಮತ್ತ ಅರ ಹಾಕ್ರಿ.

ಗಟ್ಟಿ ಆದದ್ದನ್ನ ನಾಳೆ ನೋಡೂಣು ಅಂತ ಇಡಬ್ಯಾಡ್ರಿ, ರಾತ್ರಿ ತಾನ ಸೀಳಿದ್ದು ಅದಾವು. ಕೈಗೆ ಬೆಚ್ಚಗ ಹತ್ತೂ ಹೊತ್ತಿಗೆ ಓಟಿಜಿಗೆ ಹಾಕ್ರಿ. 200 ಡಿಗ್ರಿ, ಒಂದು ತಾಸು. ಹೊರಗ ತಗದು ಪೂರ್ತಿ ಆರಲಿ, ಮತ್ತ ಒಂದು ತಾಸು. ಓಟಿಜಿ ಗುಂಡಿ ಹೇಳೂ ಡಿಗ್ರಿ ನಂಬಬ್ಯಾಡ್ರಿ, 20–30 ಡಿಗ್ರಿ ಮ್ಯಾಲೆ ಕೆಳಗ ಜೋತಾಡತೈತಿ. ಓವನ್ ಥರ್ಮಾಮೀಟರ್ ಒಂದು ಒಳಗ ಇಡ್ರಿ, ಉಳಿನ್ನ ಉಸುಕು ತುಂಬಿದ ತಟ್ಟ್ಯಾಗ ಹೂಳ್ರಿ, ಬಿಸಿ ಏರಿಳಿತ ಉಸುಕು ನುಂಗತೈತಿ. ಒಂದು ಕಡೆ ಪಾಲಿಶ್ ಮಾಡಿ ಇಟ್ರ ಬಣ್ಣ ಕಾಣತೈತಿ, ಒಣಗಿದ ಕಣಿಕಿ ಬಣ್ಣ ಬರಬೇಕು. ಕಂದು ಬಂದ್ರ ಜಾಸ್ತಿ ಆತು, ನೀಲಿ ಬಂದ್ರ ಅದು ಸ್ಪ್ರಿಂಗ್ ಆತು, ಉಳಿ ಅಲ್ಲ.

ನಿಮ್ಮ ಫೈಲಿನ ಉಳಿದ ಅರ್ಧ ಒಗಿಬ್ಯಾಡ್ರಿ. ಅಯಸ್ಕಾಂತ ಬಿಡೂತನ ಕಾಸಿ, ಕರ್ರಗ ಆಗೂತನ ಗಾಳ್ಯಾಗ ಆರಸ್ರಿ. ಹಿಂಗ ಮೂರು ಸಲ. ದಪ್ಪಗಾದ ಕಣ ಮತ್ತ ಸಣ್ಣಗ ಆಗತೈತಿ. ಹಲ್ಲು ಎರಡೂ ಬಾಜೂ ಬೇರು ಸಮೇತ ಸಾಣಿ ಹಿಡಿದು ತಗೀರಿ. ಫೈಲಿಗೆ ಬರೇ ಎಣ್ಣಿ ಸಾಲೂದಿಲ್ಲ, ಅದು ನೀರಿನ ಉಕ್ಕು: ಮತ್ತ ಕಾಸಿ ಉಗುರುಬೆಚ್ಚಗಿನ ನೀರಾಗ ಮೂರು ಎಣಿಸಿ, ಕೂಡ್ಲೆ ಎಣ್ಣಿಗೆ. ಆಮ್ಯಾಲೆ 225–230 ಡಿಗ್ರಿ, ಎರಡು ತಾಸು. ಹದ ಸರಿ ಬಂತೋ ಇಲ್ಲೋ ತಿಳಿಯೂದು ಮುರಿದು ನೋಡಿದ್ರ. ಅದ ಫೈಲಿನ ಒಂದು ಸಣ್ಣ ತುಂಡು ಜೋಡಿ ಕಾಸಿ, ಅದ್ದಿ, ಮುರೀರಿ. ಮುಖ ಬೂದಿ ಬಣ್ಣ, ರೇಷ್ಮಿ ಗತೆ ಮಂಕ ಇದ್ರ ಒಳ್ಳೇದು. ಬನ್ಸಿ ರವಾದಂಗ ಕಾಳ ಕಂಡ್ರ ಮತ್ತ ಮೊದಲಿಂದ.


ಬುಗರಿ_ಗದಗ

ಇಬ್ಬರಿಗೂ ಭಾಳ ಉಪಕಾರ್ರಿ. ಇನ್ನ ಮೂರು ಮಾತು. ಬೈಕಿನ ಶಾಕ್ಅಬ್ಸಾರ್ಬರ್ ರಾಡ್ ಗ್ಯಾರೇಜಿನಾಗ ಪುಕ್ಕಟ ಸಿಗತಾವು, ಗಟ್ಟಿ ಅದಾವು, ನಡೀತಾವೇನು? ದೊಡ್ಡ ಡ್ರಿಲ್ ಬಿಟ್ ಮುರದದ್ದು ಎರಡು ಅದಾವು, ಎಚ್‌ಎಸ್‌ಎಸ್ ಅಂತ ಬರದೈತಿ, ಅದರ ಹಿಂದಿನ ದುಂಡು ಭಾಗದಾಗ ಗೋಲ ಉಳಿ ಮಾಡಬಹುದಾ? ಮತ್ತ ಕಮಾನ್ ಪಟ್ಟೀದು ಏನಾದ್ರೂ ಉಪಯೋಗಕ್ಕ ಬರತೈತೋ ಇಲ್ಲೋ?


ಕಿಡಿ_ಹುಬ್ಬಳ್ಳಿ

ಶಾಕ್ಅಬ್ಸಾರ್ಬರ್ ರಾಡ್ ಬೇಡ. ಒಳಗೆ ಮಧ್ಯಮ ಇಂಗಾಲದ ಉಕ್ಕು, ಗಟ್ಟಿ ಇರುವುದು ಮೇಲಿನ ಪದರ ಮತ್ತು ಕ್ರೋಮ್ ಲೇಪ. ಸಾಣೆ ಹಿಡಿದ ಕೂಡಲೇ ಗಟ್ಟಿ ಪದರ ಹೋಗಿ ಮೆತ್ತಗಿನ ಹೊಟ್ಟೆ ಬಾಯಿಗೆ ಬರುತ್ತದೆ. ಕ್ರೋಮ್ ಇದ್ದದ್ದನ್ನು ಒಲೆಗೆ ಹಾಕುವುದಂತೂ ಬೇಡವೇ ಬೇಡ, ಹೊಗೆ ವಿಷ. ಬೇಕಿದ್ದರೆ ಬಿಟ್ ಹಿಡಿಯುವ ಸರಳಿಗೆ ನೋಡಬಹುದಿತ್ತು, ಆದರೆ ಆ ಮೇಲ್ಪದರಕ್ಕೆ ನಿಮ್ಮ ಡ್ರಿಲ್ಲೇ ಹತ್ತುವುದಿಲ್ಲ.

ಡ್ರಿಲ್ ಬಿಟ್ಟಿನ ಹಿಂಭಾಗದ ಬಗ್ಗೆ ಬಹಳ ಜನ ಮೋಸ ಹೋಗುತ್ತಾರೆ. ದೊಡ್ಡ ಬಿಟ್ಟುಗಳಲ್ಲಿ ಹೆಚ್ಚಾಗಿ ಸುರುಳಿ ಇರುವ ಭಾಗ ಮಾತ್ರ ಎಚ್‌ಎಸ್‌ಎಸ್. ಹಿಂದಿನ ಶ್ಯಾಂಕ್‌ಗೆ (ಹಿಡಿಯುವ ದುಂಡು ಭಾಗ) ಸಾದಾ ಉಕ್ಕು ಬೆಸೆದಿರುತ್ತಾರೆ. ಕಿಡಿ ಹಾರಿಸಿ ನೋಡಿದರೆ ಬೆಸುಗೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು, ಒಂದು ಕಡೆ ಮಂಕು ಕೆಂಪು, ಒಂದು ಇಂಚು ದಾಟಿದರೆ ಹಳದಿ. ಹಾಗೆಯೇ ಗಟ್ಟಿ ಎಚ್‌ಎಸ್‌ಎಸ್ ಸರಳಿನಲ್ಲಿ ಗೋಲ ಉಳಿಯ ಗಾಡಿಯನ್ನು ಕೈಯಿಂದ ಸಾಣೆ ಹಿಡಿದು ತೋಡುವುದು ಆಗದ ಕೆಲಸ ಅಲ್ಲ, ಆದರೆ ಗಾಡಿ ಒಂದೇ ಸಮ ಬರದಿದ್ದರೆ ಬಾಯಿ ಎಂದೂ ಸಮ ಬರುವುದಿಲ್ಲ. ಗೋಲ ಉಳಿ ಒಂದನ್ನು ಕೊಂಡುಬಿಡಿ. ಓರೆ ಉಳಿ, ಪಾರ್ಟಿಂಗ್, ಸ್ಕ್ರೇಪರ್ (ಕೆರೆಯುವ ಉಳಿ), ಬಿಟ್ ಸರಳು ಇವು ಮನೆಯಲ್ಲಿ ಮಾಡಲು ತಕ್ಕವು.

ಕಮಾನ್ ಪಟ್ಟಿಯನ್ನು 860 ಡಿಗ್ರಿಗೆ ಕಾಸಿ ಎಣ್ಣೆಗೆ ಅದ್ದಿ 200ಕ್ಕೆ ಹದ ಕೊಟ್ಟರೆ 56–57ರ ತನಕ ಬರುತ್ತದೆ. ಚೌಕ ಕಟಗಿಯನ್ನು ದುಂಡು ಮಾಡುವ ಒರಟು ಕೆಲಸಕ್ಕೆ ಚೆನ್ನ, ಪೆಟ್ಟು ತಿನ್ನುತ್ತದೆ. ಆದರೆ ಓಡಿ ಸವೆದ ಪಟ್ಟಿಯಲ್ಲಿ ಒಳಬಿರುಕು ಇರುತ್ತವೆ, ಅದ್ದಿದಾಗ ಬಾಯಿ ತೆರೆಯುತ್ತವೆ. ಪಟ್ಟಿ ಅಂಗಡಿಯವರು ಹೊಸದನ್ನು ಕತ್ತರಿಸಿದಾಗ ಉಳಿದ ತುಂಡು ಕೇಳಿ ತನ್ನಿ.

ಹಾವೇರಿಯವರ ಫೈಲ್ ಹದ ಸರಿಯಾಗಿದೆ, ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ. ಫೈಲಿನ ಉಳಿ ಹದ ಕೊಟ್ಟ ಮೇಲೂ ಟೂಲ್ ರೆಸ್ಟಿನಿಂದ (ಲೇತಿನಲ್ಲಿ ಉಳಿ ಊರುವ ಆಧಾರ) 20 ಮಿ.ಮೀ.ಗಿಂತ ಹೆಚ್ಚು ಆಚೆ ಚಾಚುವ ಕೆಲಸಕ್ಕೆ ಬೇಡ. 4–5 ಮಿ.ಮೀ. ದಪ್ಪದ ಫೈಲ್ ಬಟ್ಟಲಿನ ಒಳಗೆ ಸಿಕ್ಕಿಕೊಂಡರೆ ಬಾಗುವುದಿಲ್ಲ, ಮುರಿದು ಮುಖದ ಕಡೆ ಬರುತ್ತದೆ. ಬುಗರಿಯ ಗೆರೆ, ಮಣಿ ಇಂಥದ್ದಕ್ಕೆ ಸರಿ. ಅಗ್ಗದ ಫೈಲುಗಳಲ್ಲಿ ಒಳಗೆ ಸಾದಾ ಕಬ್ಬಿಣ, ಮೇಲೆ ಮಾತ್ರ ಗಟ್ಟಿ ಮಾಡಿದ್ದೂ ಇರುತ್ತವೆ. ಮುರಿದ ಮುಖದಲ್ಲಿ ಸುತ್ತ ಒಂದು ಅಂಚು, ಒಳಗೆ ಬೇರೆ ಬಣ್ಣ ಕಾಣುತ್ತದೆ. ಅದು ಉಳಿಗೆ ಬರುವುದಿಲ್ಲ.

ಒಲೆಯ ತಾಪತ್ರಯ ಬೇಡ ಅನ್ನುವವರು ಓಎಚ್‌ಎನ್‌ಎಸ್ ಉಳಿಗಳನ್ನು ನಾಲ್ಕೈದು ಒಟ್ಟಿಗೆ ಮಾಡಿ ಹೀಟ್ ಟ್ರೀಟ್‌ಮೆಂಟಿಗೆ ಕೊಡಬಹುದು. ನಮ್ಮ ಕಡೆ ಡೈ ಮಾಡುವವರನ್ನು ವಿಚಾರಿಸಿ, ಇಲ್ಲವಾದರೆ ಬೆಳಗಾವಿಯ ಉದ್ಯಮಬಾಗ. ಕೊಡುವಾಗ ಉಕ್ಕಿನ ಹೆಸರು ಮತ್ತು "58ರಿಂದ 60 ಎಚ್‌ಆರ್‌ಸಿ" ಅಂತ ಬರೆದು ಕೊಡಿ. ಬಾಲದ ತುದಿಯಲ್ಲಿ ತಂತಿ ಕಟ್ಟಲು 5 ಮಿ.ಮೀ. ತೂತು ಮೊದಲೇ ಹಾಕಿರಿ, ಆಮೇಲೆ ಕೊರೆಯಲಿಕ್ಕೆ ಬರುವುದಿಲ್ಲ. ಪೂರ್ತಿ ಉಳಿ ಗಟ್ಟಿಯಾಗಿ ಬರುತ್ತದೆ, ಹಾಗಾಗಿ ಬಾಲವನ್ನು ಮಾತ್ರ ಗ್ಯಾಸ್ ಟಾರ್ಚಿನಿಂದ ನೀಲಿ ಬರುವ ತನಕ ಕಾಸಿಕೊಳ್ಳಿ, ಬಾಯಿ ಕಡೆಗೆ ಒದ್ದೆ ಬಟ್ಟೆ ಸುತ್ತಿ.


ಸಾಗವಾನಿ_ಧಾರವಾಡ

ಉಕ್ಕಿನ ಚರ್ಚಾ ಛಲೋ ನಡದದ, ಆದ್ರ ಬಾಯಿ ಕೋನ ಯಾರೂ ಹೇಳಿಲ್ಲ. ಉಕ್ಕು ಎಷ್ಟ ಒಳ್ಳೇದಿದ್ರೂ ಕೋನ ತಪ್ಪಿದ್ರ ಉದುರೂದು ಉದುರೂದ.

ಓರೆ ಉಳಿಗೆ ಬಾಯಿಯ ಓರೆ 70 ಡಿಗ್ರಿ ಇಡ್ರಿ, ಅಂದ್ರ ಚೌಕಕ್ಕಿಂತ 20 ಡಿಗ್ರಿ ವಾಲಿದ್ದು. ಎರಡೂ ಬಾಜೂ ಇಳಿಜಾರು ಕೂಡಿ ಜಾಲಿಗೆ 40 ಡಿಗ್ರಿ ಬೇಕು. ಕೋನಮಾಪಕ ಇಲ್ಲದವರಿಗೆ ಒಂದು ಲೆಕ್ಕ: ಇಳಿಜಾರಿನ ಉದ್ದ ಉಳಿ ದಪ್ಪದ ಒಂದೂವರಿ ಪಟ್ಟು ಇದ್ರ ಕೋನ 39 ಡಿಗ್ರಿ ಆಗ್ತದ. 6 ಮಿ.ಮೀ. ಪಟ್ಟಿಗೆ ಎರಡೂ ಕಡೆ 9 ಮಿ.ಮೀ. ಸ್ಕೇಲಿನಿಂದ ಅಳದ್ರ ಆತು. ಹಾಲವಾಣದಂಥಾ ಮೆತ್ತನ ಕಟಗಿಗೆ 30ರ ತನಕ ಇಳಸಬಹುದು, ಅದ ಉಳಿ ಜಾಲಿಗೆ ಹಚ್ಚಬ್ಯಾಡ್ರಿ. ನಿಮ್ಮ ಮೊದಲಿನ ಉಳಿ ಉದುರೂದಕ್ಕ ಹದದ ಜೋಡಿ ಈ ಕೋನಾನೂ ಕಾರಣ ಇರಬಹುದು, ಅಳದು ನೋಡ್ರಿ. ಸ್ಕ್ರೇಪರಿಗೆ 70ರಿಂದ 75 ಡಿಗ್ರಿ, ದಪ್ಪ 6 ಮಿ.ಮೀ.ಗಿಂತ ಕಮ್ಮಿ ಬ್ಯಾಡ. ಸ್ಕ್ರೇಪರ್ ಸಾಣಿಯಿಂದ ಬಂದಾಗ ಮ್ಯಾಲಿನ ಅಂಚಿಗೆ ಹತ್ತೂ ಸಣ್ಣ ಬರ್ (ಉಕ್ಕಿನ ಮುಳ್ಳಿನಂಥಾ ಅಂಚು) ತಗೀಬ್ಯಾಡ್ರಿ, ಕೊರಿಯೂದ ಅದು. ಬೆರಳಿಗೆ ಅದು ಹತ್ತಲಿಲ್ಲಂದ್ರ ಮತ್ತ ಸಾಣಿಗೆ ಒಂದು ಸಲ ಮುಟ್ಟಸ್ರಿ.

ರಂದಾ ಮಷೀನಿನ ಹಳೇ ಎಚ್‌ಎಸ್‌ಎಸ್ ಬ್ಲೇಡ್ ಕಬ್ಬಿಣ ಪಟ್ಟಿಗೆ ಅರಾಲ್ಡೈಟ್ ಹಚ್ಚಿ ಅಂಟಿಸಿ ಸ್ಕ್ರೇಪರ್ ಮಾಡೋವ್ರು ಅದಾರ. ಅಂಟು ಸಾಣಿ ಬಿಸಿಗೆ ಬಿಡ್ತದ. ಹಿತ್ತಾಳಿ ಬೆಸುಗಿ ಹಾಕಿದ್ರ ಎಚ್‌ಎಸ್‌ಎಸ್ ಹದ ಇಳೀತದ. ಬ್ಲೇಡಿನ್ಯಾಗ ಬೋಲ್ಟ್ ಹಾಕಲಿಕ್ಕೆ ತೂತು ಇದ್ದದ್ದು ಸಿಕ್ಕರ ಮಾತ್ರ ಆ ಕೆಲಸಕ್ಕ ಕೈ ಹಾಕ್ರಿ.

ಉಳಿಯ ಉದ್ದನ ನಾಲ್ಕೂ ಮೂಲಿ ಒಂದ ಮಿ.ಮೀ. ದುಂಡಗ ಮಾಡ್ರಿ. ಚೂಪ ಮೂಲಿ ಟೂಲ್ ರೆಸ್ಟಿನ್ಯಾಗ ಗೀರು ಹಾಕ್ತದ, ಮುಂದ ಉಳಿ ಸರಿಯೂವಾಗ ಆ ಗೀರಿನ್ಯಾಗ ತಟ್ಟನ ನಿಂತು ಕಟಗಿಗೆ ಕಚ್ಚಿಕೋತದ. ಮಂದಿ ಅದನ್ನ ಉಳಿ ತಪ್ಪು ಅಂತ ಬೈತಾರ.

ಹಿಡಿಕಿಗೆ ಜಾಲಿನ ನಡೀತದ, ಒಣಗಿರಬೇಕು. ಕಂಬದ ಕೆಲಸದ ಉಳಿಗೆ 300ರಿಂದ 350 ಮಿ.ಮೀ. ಉದ್ದ. ಬಿಟ್ ಹಾಕೂ 16 ಮಿ.ಮೀ. ಸರಳಿಗೆ 16ರ ತೂತು, 80 ಮಿ.ಮೀ. ಆಳ. ಅಂಟು ಹಚ್ಚಿ ಸರಳು ಒತ್ತಿದ್ರ ಒಳಗಿನ ಗಾಳಿ ಹೊರಗ ಬರಲಿಕ್ಕೆ ಜಾಗ ಇಲ್ಲದ ಸರಳನ್ನ ವಾಪಸ್ ದೂಡ್ತದ. ಅದಕ್ಕ ಸರಳಿನ ಉದ್ದಕ್ಕ ಆಂಗಲ್ ಗ್ರೈಂಡರಿನಿಂದ ಒಂದು ಸಣ್ಣ ಗೆರಿ ಹಾಕ್ರಿ, ಗಾಳಿ ಮತ್ತ ಹೆಚ್ಚಿನ ಅಂಟು ಅದರಾಗ ಹೊರಗ ಬರ್ತದ. ಬಾಯಿಗೆ ಬಳಿ ಹಾಕೂದು ಮರೀಬ್ಯಾಡ್ರಿ. ಹಿತ್ತಾಳಿ ಪೈಪಿನ ತುಂಡು ಇಲ್ಲಾ ಮುಕ್ಕಾಲು ಇಂಚಿನ ಜಿಐ ಕಪ್ಲಿಂಗ್, 25 ಮಿ.ಮೀ. ಉದ್ದ ಸಾಕು. ಪಿವಿಸಿ ಹಾಕಿದ್ರ ಇದ್ದೂ ಇಲ್ಲದಂಗ. ಉಳಿ ಕಚ್ಚಿದಾಗ ಹಿಡಿಕಿ ಸೀಳೂದು ಅಲ್ಲಿಂದನ.

ಸಾಗವಾನಿ ಬಗ್ಗೆ ಒಂದು ಮಾತು: ಅದರಾಗ ಸಿಲಿಕಾ ಇರ್ತದ, ಉಸುಕಿನ ಜಾತಿ. ಕಟಗಿ ಮೆತ್ತಗಿದ್ರೂ ಬಾಯಿ ಬ್ಯಾಗ ಮೊಂಡ ಆಗ್ತದ. ಅದಕ್ಕ ಓಎಚ್‌ಎನ್‌ಎಸ್ ಉಳಿ ಸಾಗವಾನಿಗೆ ಹಚ್ಚಿ ಹದ ಕೆಟ್ಟಿತು ಅನ್ನಬ್ಯಾಡ್ರಿ. ಸಾಗವಾನಿಗೆ ಎಚ್‌ಎಸ್‌ಎಸ್ ಬಿಟ್, ಜಾಲಿಗೆ ಬೇಕಾದ್ರ ಓಎಚ್‌ಎನ್‌ಎಸ್.


ಬುಗರಿ_ಗದಗ

ಅಳದು ನೋಡಿದೆ ರೀ, 5 ಮಿ.ಮೀ. ದಪ್ಪಕ್ಕ ಇಳಿಜಾರು 12 ಮಿ.ಮೀ. ಉದ್ದ ಐತಿ. ನಿಮ್ಮ ಲೆಕ್ಕಕ್ಕ ಹೆಚ್ಚಾತು. ಬಿಳಿ ಕಲ್ಲು ತರಸ್ತೀನಿ. ಓಎಚ್‌ಎನ್‌ಎಸ್ ಉಳಿ ಸಾಣಿ ಹಿಡಿವಾಗ ತುದಿ ನೀಲಿ ಆದ್ರ ಮತ್ತ ಒಲಿಗೆ ಹಾಕಬೇಕೇನು?


ಸಾಗವಾನಿ_ಧಾರವಾಡ

5ಕ್ಕ 12 ಅಂದ್ರ ಸುಮಾರು 24 ಡಿಗ್ರಿ, ಅದು ಚಾಕು ಆತು, ಉಳಿ ಅಲ್ಲ.


ಕುಲುಮಿ_ಹಾವೇರಿ

ಒಲಿ ಬ್ಯಾಡ. ನೀಲಿ ಕಂಡಷ್ಟು ಜಾಗದ ಹದ ಅಷ್ಟ ಹೋಗಿರತೈತಿ, ಹಿಂದಿನ ಉಕ್ಕು ಗಟ್ಟಿ ಇರತೈತಿ. ನೀಲಿ ಗೆರಿಯಿಂದ 2 ಮಿ.ಮೀ. ಹಿಂದಕ್ಕ ಸಾಣಿ ಹಿಡಿದು ತಗದು, ಹೊಸಾ ಬಾಯಿ ಮಾಡ್ರಿ. ನೀಲಿನ್ನ ಪಾಲಿಶ್ ಪೇಪರಿನಿಂದ ಒರಸಿ ಮುಚ್ಚಬ್ಯಾಡ್ರಿ, ಬಣ್ಣ ಹೋಗತೈತಿ, ಮೆತ್ತಗಾದದ್ದು ಹೋಗೂದಿಲ್ಲ. ಕೊನೀ ಒಂದು ಮಿ.ಮೀ. ಸಾಣಿ ಹಿಡಿವಾಗ ಬೆರಳು ಬಾಯಿ ಹತ್ರ ಇಟ್ಟುಕೋರಿ, ಬೆರಳಿಗೆ ತಡಕೊಳ್ಳಾಕ ಆಗಲಿಲ್ಲಂದ್ರ ನೀರಿಗೆ. ಎಚ್‌ಎಸ್‌ಎಸ್ ಜೋಡಿ ಅದಲು ಬದಲು ಆಗಬಾರದು ಅಂದ್ರ ಓಎಚ್‌ಎನ್‌ಎಸ್ ಉಳಿ ಹಿಡಿಕಿಗೆ ಒಂದು ಕೆಂಪು ಗೆರಿ ಹಚ್ಚಿ ಇಡ್ರಿ.